ಒಂದು ಗುಲಗಂಜಿಯಷ್ಟು ಎಡಕ್ಕೆ

"ಮಾವ, ನಿಮ್ಮದು ಎಷ್ಟಿದೆ?"

ತಿ. ನರಸೀಪುರದಿಂದ ನಮ್ಮಕ್ಕನ ಮಗ ಫೋನು ಮಾಡಿ ಹೀಗೆ ಕೇಳಿದಾಗ ನಾನು ನಂಜನಗೂಡಿನ ಮನೆಯ ಹಿತ್ತಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಐವತ್ತೆಂಟು ದಾಟಿದವನಿಗೆ ಬೆಳಬೆಳಿಗ್ಗೆ "ಎಷ್ಟಿದೆ" ಎಂದು ಕೇಳುವವರು ಸಕ್ಕರೆಯ ವಿಷಯ ಕೇಳುತ್ತಾರೆ, ಇಲ್ಲವೇ ಬಿಪಿಯ ವಿಷಯ. ಬಾಯಲ್ಲಿ ನೊರೆ ತುಂಬಿಕೊಂಡೇ "ಊಟಕ್ಕೆ ಮುಂಚೆ ನೂರಮೂವತ್ತು" ಎಂದೆ. ಆ ಕಡೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಷ್ಟು ಕಮ್ಮಿ ಡಿಪಿಐ ಇರೋ ಮೌಸನ್ನ ಯಾರೂ ಮಾರಲ್ಲ ಮಾವ, ಸರಿಯಾಗಿ ನೋಡಿ ಹೇಳಿ" ಎಂದ.

ಮೌಸಿಗೂ ನನಗೂ ಇರುವುದು ಹೊಟ್ಟೆಪಾಡಿನ ನಂಟು. ನಾನು ಪತ್ರ ಬರಹಗಾರ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಅಡಮಾನಪತ್ರ, ಇವೇ ನನ್ನ ಸಾಹಿತ್ಯ. ಛಾಪಾ ಕಾಗದದ ಮೇಲೆ ಕೈಬರಹದಲ್ಲಿ ಶುರುಮಾಡಿ, ಟೈಪ್‌ರೈಟರು ಕುಟ್ಟಿ, ಈಗ ಕಂಪ್ಯೂಟರಿಗೆ ಬಂದು ನಿಂತಿದ್ದೇನೆ. ನಂಜನಗೂಡಿನ ಮುಂದೆ ಹರಿಯುವುದು ಕಪಿಲೆ. ಕಾವೇರಿ ನಮ್ಮೂರಿಗೆ ಬರುವುದಿಲ್ಲ, ಕಪಿಲೆಯೇ ತಿ. ನರಸೀಪುರದವರೆಗೆ ಹೋಗಿ ಅವಳನ್ನು ಕೂಡಬೇಕು. ಆದರೆ ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ನೋಂದಣಿ ಇಲಾಖೆಯವರು 'ಕಾವೇರಿ' ಎಂಬ ತಂತ್ರಾಂಶವನ್ನು ತಂದು ನಮ್ಮ ಕಚೇರಿಯೊಳಕ್ಕೆ ಹರಿಸಿಬಿಟ್ಟರು. ಆ ಹೊಳೆಯ ಜೊತೆಗೇ ಮೌಸೂ ತೇಲಿ ಬಂತು. ಅದರ ಹೊಟ್ಟೆಯಲ್ಲೊಂದು ರಬ್ಬರು ಗೋಲಿ. ವಾರಕ್ಕೊಮ್ಮೆ ಮಗುಚಿ ಹಾಕಿ, ಗೋಲಿ ತೆಗೆದು, ಒಳಗಿನ ಉರುಳೆಗಳಿಗೆ ಸುತ್ತಿಕೊಂಡ ಕಸವನ್ನು ಉಗುರಲ್ಲಿ ಕೆರೆಯಬೇಕಿತ್ತು. ಎಳೆ ಮಗುವಿನ ಕಿವಿ ಶುಚಿ ಮಾಡಿದಂತೆ, ಅದೊಂದು ಅಕ್ಕರೆಯ ಕೆಲಸ. ಗೋಲಿಯಿಲ್ಲದ, ಹೊಟ್ಟೆಯಲ್ಲಿ ಕೆಂಪು ದೀಪ ಉರಿಯುವ ಈಗಿನ ಮೌಸುಗಳಿಗೆ ಅಂಥ ಆರೈಕೆ ಬೇಡ; ಹಾಗಾಗಿ ಅವುಗಳ ಮೇಲೆ ನನಗೆ ಅಷ್ಟಾಗಿ ಮಮತೆಯೂ ಬೆಳೆಯಲಿಲ್ಲ. ನನ್ನ ಈಗಿನ ಮೌಸಿನ ಎಡಮಗ್ಗುಲು ಹೆಬ್ಬೆರಳಿನ ಬೆವರಿಗೆ ಕಪ್ಪಾಗಿದೆ ಎಂಬುದೊಂದೇ ನಮ್ಮಿಬ್ಬರ ಒಡನಾಟದ ಗುರುತು. ಅದಕ್ಕೆ ಡಿಪಿಐ ಎಂಬುದೊಂದು ಇದೆಯೆಂದು ನನಗೆ ಗೊತ್ತಾದದ್ದೇ ಫೋನು ಬಂದ ಆ ಬೆಳಿಗ್ಗೆ.

2025ರ ಫೆಬ್ರವರಿಯಲ್ಲಿ ತ್ರಿವೇಣಿ ಸಂಗಮದ ಕುಂಭಮೇಳ ಬಂತು. ಅಕ್ಕ "ಮಿಂದು ಹೋಗು ಬಾ" ಎಂದು ಕರೆದಳು. ಬಸ್ಸು ಹತ್ತಿ ಹೋದೆ. ಮನೆ ತುಂಬ ನೆಂಟರು, ಜಗಲಿಯಲ್ಲಿ ಒದ್ದೆ ಪಂಚೆ, ಒದ್ದೆ ಸೀರೆ, ಅಡುಗೆಮನೆಯಲ್ಲಿ ಎರಡು ಒಲೆಯ ಮೇಲೂ ಹುಳಿ. ಮೂರು ನದಿ ಕೂಡುವ ಊರಿಗೆ ನಾಡೆಲ್ಲ ಬಂದು ಮುಳುಗುತ್ತಿರುವಾಗ ಊರಲ್ಲೇ ಹುಟ್ಟಿದ ಈ ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಬುಟ್ಟಿಯಂಥ ಹೆಡ್‌ಫೋನು ಕವುಚಿಕೊಂಡು, ಬೇರೆಲ್ಲೋ ಮುಳುಗಿದ್ದ. ನಾನು ಒಳಕ್ಕೆ ಹೋದಾಗ ಪರದೆಯ ಮೇಲೆ ಒಂದು ಬಂದೂಕು, ಅದರ ಮುಂದೆ ಒಂದು ಸಣ್ಣ ಹಸಿರು ಕೂಡುಗೆರೆ. ಕೈಯಲ್ಲಿ ಹೊಸ ಮೌಸು. ಅದರ ಮೈಯೊಳಗಿಂದ ಕೆಂಪು, ನೀಲಿ, ನೇರಳೆ ಬೆಳಕು ಒಂದಾದ ಮೇಲೊಂದು ಹೊರಬರುತ್ತಿತ್ತು. ತೆಪ್ಪೋತ್ಸವದ ದೀಪಾಲಂಕಾರವನ್ನು ಅಂಗೈಯಲ್ಲಿ ಹಿಡಿದುಕೊಂಡಂತಿದ್ದ.

ಆಟದ ಹೆಸರು ವ್ಯಾಲರಂಟ್. 2020ರಲ್ಲಿ ಬಂದದ್ದು, ಕಂಪ್ಯೂಟರಿನಲ್ಲಿ ಆಡುವಂಥದ್ದು, ಐವರ ಎದುರು ಐವರು. ಬಂದೂಕಿನ ಗುರಿ ತಲೆಗೆ ಬಿದ್ದರೆ ಎದುರಾಳಿ ಒಂದೇ ಏಟಿಗೆ ಹೋಗುತ್ತಾನೆ, ಮೈಗೆ ಬಿದ್ದರೆ ಮೂರು ನಾಲ್ಕು ಬೇಕು. ಅಷ್ಟರಲ್ಲಿ ನೀವೇ ಹೋಗಿರುತ್ತೀರಿ. ನಮ್ಮ ಹುಡುಗನಿಗೆ ಆಗುತ್ತಿದ್ದುದು ಅದೇ. ಗುರಿ ತಲೆಯ ಹತ್ತಿರ ಹೋಗುತ್ತದೆ, ಆಮೇಲೆ ದಾಟಿಬಿಡುತ್ತದೆ. ಹಿಂದಕ್ಕೆ ತಂದರೆ ಈಚೆಗೆ ಬಂದು ನಿಲ್ಲುತ್ತದೆ. "ಮೌಸೇ ಸರಿಯಿಲ್ಲ" ಎಂದು ಭಾವನ ತಲೆ ತಿಂದು ಹೊಸದು ತರಿಸಿಕೊಂಡಿದ್ದ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 16,000 ಡಿಪಿಐ ಎಂದಿತ್ತು.

ಡಿಪಿಐ ಎಂದರೆ, ಮೌಸು ಒಂದು ಅಂಗುಲ ಸರಿದರೆ ಕಂಪ್ಯೂಟರಿಗೆ ಎಷ್ಟು ಹೆಜ್ಜೆಯ ಲೆಕ್ಕ ಕೊಡುತ್ತದೆ ಎಂಬುದು. ನಾನು ಪತ್ರ ಬರಹಗಾರನಾದ್ದರಿಂದ ತಕ್ಷಣ ಲೆಕ್ಕ ಹಾಕಿದೆ. ಪರದೆಯ ಅಗಲ 1,920 ಚುಕ್ಕಿ. ಹೆಜ್ಜೆಗೊಂದು ಚುಕ್ಕಿಯಂತೆ ಹೋದರೆ 16,000ದ ಮೌಸನ್ನು ಒಂದಂಗುಲ ಸರಿಸಿದಾಗ ಬಾಣ ಈ ಗೋಡೆಯಿಂದ ಆ ಗೋಡೆಗೆ ಎಂಟು ಸಲ ಓಡಾಡುವಷ್ಟು ದೂರ ಹೋಗಬೇಕು. ಸೀನಿದರೆ ಪಕ್ಕದ ಮನೆಗೆ ಹೋಗಿಬಿಡುತ್ತದೆ. "ಇಷ್ಟು ಯಾರಿಗಪ್ಪಾ ಬೇಕು?" ಎಂದೆ. "ಯಾರಿಗೂ ಬೇಡ ಮಾವ. ದೊಡ್ಡ ದೊಡ್ಡ ಆಟಗಾರರೆಲ್ಲ ನಾನೂರು, ಎಂಟುನೂರು, ಹೆಚ್ಚೆಂದರೆ ಸಾವಿರದಾರುನೂರಲ್ಲೇ ಇರ್ತಾರೆ" ಎಂದ. ಮತ್ತೆ ಡಬ್ಬದ ಮೇಲೆ ಯಾಕೆ ಹಾಕಿದ್ದಾರೆ? ಅದು ಹಾಗೇ. ಮದುವೆ ಕರೆಯೋಲೆಯಲ್ಲಿ ವರನ ಹೆಸರಿನ ಮುಂದೆ ಹಾಕುವ ಡಿಗ್ರಿಯ ಹಾಗೆ. ಸಂಸಾರಕ್ಕೆ ಉಪಯೋಗವಿಲ್ಲ, ನೋಡುವವರಿಗೆ ಸಂತೋಷ.

ಡಿಪಿಐ ಜೊತೆಗೆ ಆಟದೊಳಗೇ ಸೆನ್ಸಿಟಿವಿಟಿ ಎಂದು ಇನ್ನೊಂದು ಅಂಕಿ ಇದೆ. ಎರಡನ್ನೂ ಗುಣಿಸಿದರೆ ಬರುವುದೇ ನಿಜವಾದ ವೇಗ. 800ಕ್ಕೆ 0.4 ಇಟ್ಟರೂ ಅಷ್ಟೇ, 1,600ಕ್ಕೆ 0.2 ಇಟ್ಟರೂ ಅಷ್ಟೇ, 320. ಇದು ನನಗೆ ಬೇಗ ಅರ್ಥವಾಯಿತು. ನಾಲ್ಕು ಗುಂಟೆ ಎಂದು ಬರೆದರೂ ಒಂದೇ, ಎಕರೆಯಲ್ಲಿ ಹತ್ತನೆಯ ಒಂದು ಪಾಲು ಎಂದು ಬರೆದರೂ ಒಂದೇ. ಹುಡುಗ ಅಲ್ಲಿಯವರೆಗೆ ಇಟ್ಟುಕೊಂಡಿದ್ದುದು 3,200 ಮತ್ತು 0.4. ಇಬ್ಬರೂ ಸೇರಿ ಅಳತೆ ಮಾಡಿದೆವು. ಅಡಿಪಟ್ಟಿಯನ್ನು ಮೇಜಿಗೆ ಅಂಟಿಸಿ, ಆಟದೊಳಗಿನ ಮನುಷ್ಯನನ್ನು ಒಂದು ಕಂಬದ ಎದುರು ನಿಲ್ಲಿಸಿ, ಮೌಸನ್ನು ಮೆಲ್ಲಗೆ ಬಲಕ್ಕೆ ಸರಿಸುತ್ತ ಹೋದರೆ, ಅವನು ಒಂದು ಪೂರ್ತಿ ಪ್ರದಕ್ಷಿಣೆ ಹಾಕಿ ಮತ್ತೆ ಅದೇ ಕಂಬವನ್ನು ನೋಡುವ ಹೊತ್ತಿಗೆ ಮೌಸು ಸರಿದದ್ದು ಬರೀ ನಾಲ್ಕು ಅಂಗುಲ. ಮುನ್ನೂರರವತ್ತು ಡಿಗ್ರಿ ನಾಲ್ಕು ಅಂಗುಲದಲ್ಲಿ! ಅಂಗುಲದಲ್ಲಿ ಹತ್ತನೆಯ ಒಂದು ಪಾಲು ಕೈ ನಡುಗಿದರೆ ಒಂಬತ್ತು ಡಿಗ್ರಿ ಪಕ್ಕಕ್ಕೆ. ದೂರದಲ್ಲಿ ನಿಂತವನ ತಲೆ ಒಂದು ಡಿಗ್ರಿಯಷ್ಟೂ ಅಗಲವಿರುವುದಿಲ್ಲ. ತಪ್ಪು ಮೌಸಿನದಲ್ಲ, ಬೆರಳಿನದೂ ಅಲ್ಲ; ಹುಳಿಯ ಕೊಪ್ಪರಿಗೆಯ ಸೌಟಿನಲ್ಲಿ ಮಗುವಿಗೆ ಔಷಧಿ ಹಾಕುತ್ತಿದ್ದ, ಅಷ್ಟೆ.

800ಕ್ಕೆ ಇಳಿಸಿದೆವು. ಪ್ರದಕ್ಷಿಣೆಗೆ ಈಗ ಹದಿನಾರು ಅಂಗುಲ ಬೇಕಾಯಿತು. ಮೇಜಿನ ಮೇಲೆ ಅಷ್ಟು ಜಾಗವಿರಲಿಲ್ಲ. ಊಟದ ತಟ್ಟೆ, ಸರ್ವೇ ಪುಸ್ತಕ, ಹುಡುಗ ಡಿಪ್ಲೊಮಾ ಓದುತ್ತಿದ್ದಾನೆಂಬುದಕ್ಕೆ ಸಾಕ್ಷಿಯಾಗಿ ಒಂದು ಡ್ರಾಫ್ಟರು, ಎಲ್ಲವೂ ಕೆಳಕ್ಕೆ ಹೋದವು.

ಮೌಸಿನ ಕೆಳಗೆ ಏನು ಹಾಸಬೇಕು ಎಂಬುದೇ ಒಂದು ಪ್ರಕರಣ. ಮೊದಲು ಗಾಜಿನ ಟೀಪಾಯಿಯ ಮೇಲೆ ಇಟ್ಟು ನೋಡಿದ; ಬಾಣ ಅಲುಗಲೇ ಇಲ್ಲ. ಮೌಸಿನ ಹೊಟ್ಟೆಯಲ್ಲಿರುವುದು ಒಂದು ಪುಟ್ಟ ಕ್ಯಾಮೆರಾ. ಸೆಕೆಂಡಿಗೆ ಸಾವಿರಾರು ಸಲ ನೆಲದ ಫೋಟೋ ತೆಗೆದು, ಹಿಂದಿನದಕ್ಕೂ ಈಗಿನದಕ್ಕೂ ಏನು ವ್ಯತ್ಯಾಸವೆಂದು ನೋಡಿ, ತಾನು ಎಷ್ಟು ಸರಿದೆ ಎಂದು ತಿಳಿಯುತ್ತದೆ. ಗಾಜಿನಲ್ಲಿ ಅದಕ್ಕೆ ಗುರುತು ಹಿಡಿಯಲು ಏನೂ ಸಿಕ್ಕುವುದಿಲ್ಲ. ಬೇಲಿಯಿಲ್ಲದ, ಬದುವಿಲ್ಲದ, ಮರವೊಂದೂ ಇಲ್ಲದ ಬಯಲಲ್ಲಿ ನಿಲ್ಲಿಸಿ ಚೆಕ್ಕುಬಂದಿ ಹೇಳು ಎಂದರೆ ಯಾವ ಸರ್ವೆಯರು ತಾನೇ ಹೇಳಿಯಾನು? ಆಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಹಾಸಿದ. ನುಣುಪು ಕಾಗದ, ದಪ್ಪ ದಪ್ಪ ಕೆಂಪು ಅಂಕಿ. ಬಾಣ ರಜಾದಿನಗಳು ಬಂದಲ್ಲೆಲ್ಲ ತಡವರಿಸುತ್ತಿತ್ತು. ಕೊನೆಗೆ ಪೇಟೆಬೀದಿಯಲ್ಲಿ ಸ್ಕೂಟರಿನ ಸೀಟು ಹೊಲಿಯುವವರ ಹತ್ತಿರ ಹೋಗಿ ಒಂದೂವರೆ ಅಡಿ ಉದ್ದದ ರಬ್ಬರು ಹಾಳೆ ಕತ್ತರಿಸಿ ತಂದು, ಅದರ ಮೇಲೆ ಅಕ್ಕನ ಹಳೆಯ ಕಾಟನ್ ಸೀರೆಯ ತುಂಡು ಎಳೆದು ಅಂಟಿಸಿದ. ಅಂಗಡಿಯದು ತರುವ ತನಕ ಅದರಲ್ಲೇ ಆಡಿದ. ನನ್ನ ಪ್ರಕಾರ ಅದೇ ಚೆನ್ನಾಗಿತ್ತು, ಅಂಚೂ ಇತ್ತು.

ಹಾಸು ಎಂದಾಗ ನನಗೆ ನಮ್ಮ ಕೇರಂ ಬೋರ್ಡಿನ ನೆನಪಾಯಿತು. ನಾವು ಹುಡುಗರಾಗಿದ್ದಾಗ ಬೀದಿಗೊಂದೇ ಬೋರ್ಡು. ಬೋರಿಕ್ ಪೌಡರು ಕೊಳ್ಳಲು ಕಾಸಿಲ್ಲ. ನಂಜನಗೂಡಿನಲ್ಲಿ ಪುಕ್ಕಟೆಯಾಗಿ ಮನೆಮನೆಯಲ್ಲೂ ಸಿಕ್ಕುವ ಪುಡಿ ಎಂದರೆ ಯಾವುದು? 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆಯ ಹಲ್ಲುಪುಡಿ ನಮ್ಮೂರಿನ ಹೆಸರನ್ನು ನಾಡಿನ ಬಚ್ಚಲುಮನೆಗಳಿಗೆಲ್ಲ ಮುಟ್ಟಿಸಿತ್ತು. ನಾವು ಅದನ್ನು ಕೇರಂ ಬೋರ್ಡಿಗೂ ಮುಟ್ಟಿಸಿದೆವು. ಪುಡಿ ಹಲ್ಲಿಗೆ ಮಾಡಿದ್ದು, ಸ್ಟ್ರೈಕರಿಗಲ್ಲ. ಸ್ಟ್ರೈಕರು ಅರ್ಧಕ್ಕೇ ನಿಂತಿತು. ಜೋರಾಗಿ ಹೊಡೆಯಲು ಕಲಿತೆವು. ಒಂದು ತಿಂಗಳು ಹಾಗೆ ಆಡಿ ಕೈ ಕುದುರಿತು ಎನ್ನುವಾಗ ಯಾರದೋ ಮಾವ ಬೆಂಗಳೂರಿನಿಂದ ನಿಜವಾದ ಪೌಡರು ತಂದುಕೊಟ್ಟರು. ಮೊದಲ ಹೊಡೆತಕ್ಕೇ ಸ್ಟ್ರೈಕರು ಬೋರ್ಡು ದಾಟಿ, ಜಗಲಿ ದಾಟಿ, ಚರಂಡಿಗೆ ಹೋಯಿತು. ಸಣ್ಣ ಗುರಿಗೆ, ದೂರದ ಗುರಿಗೆ ಹೆಚ್ಚು ಹೊತ್ತು ಬೇಕು ಎಂದು 1954ರಲ್ಲಿ ಅಮೆರಿಕದ ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞರು ಸೂತ್ರವನ್ನೇ ಬರೆದಿಟ್ಟಿದ್ದಾರೆ. ಮೌಸು ಮುಂತಾದವನ್ನು ಅಳೆಯುವವರು ಈಗಲೂ ಅದನ್ನೇ ಹಿಡಿದು ಅಳೆಯುತ್ತಾರಂತೆ. ನಮ್ಮ ಬೀದಿಯಲ್ಲಿ ಅದು ಸೂತ್ರವಿಲ್ಲದೆಯೇ ಎಲ್ಲರಿಗೂ ಗೊತ್ತಿತ್ತು. ಪೌಡರು ಬದಲಾದರೆ ಕೈ ಮತ್ತೆ ಅಆಇಈಯಿಂದ ಕಲಿಯಬೇಕು ಎಂಬುದು ಮಾತ್ರ ಚರಂಡಿಗೆ ಕೈ ಹಾಕಿದಾಗ ಗೊತ್ತಾಯಿತು.

ಗುರಿಯ ವಿಷಯದಲ್ಲಿ ನನ್ನ ಕೈ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮದುವೆಯಾದ ವರ್ಷ ದೊಡ್ಡ ಜಾತ್ರೆಗೆ ಹೆಂಡತಿಯನ್ನು ಕರೆದುಕೊಂಡು ರಥಬೀದಿಯಲ್ಲಿ ನಿಂತಿದ್ದೆ. ನಂಜನಗೂಡಿನಲ್ಲಿ ಒಂದಲ್ಲ, ಐದು ರಥ. ಶ್ರೀಕಂಠೇಶ್ವರನದು ಎಲ್ಲಕ್ಕಿಂತ ದೊಡ್ಡದು, ಗೌತಮ ರಥ. ಹೊಸ ಮದುಮಕ್ಕಳು ಬಾಳೆಹಣ್ಣಿಗೆ ಜವನ ಸಿಕ್ಕಿಸಿ ರಥದ ಮೇಲಕ್ಕೆ ಎಸೆಯುವುದು ವಾಡಿಕೆ. ಕಲಶಕ್ಕೆ ತಾಗಿದರೆ ಒಳ್ಳೆಯದು, ರಥಕ್ಕೆ ತಾಗಿದರೂ ಸಾಕು. ನಾನು ಒಂದು ಕಣ್ಣು ಮುಚ್ಚಿದೆ, ಕೈಯನ್ನು ಮೂರು ಸಲ ಹಿಂದಕ್ಕೆ ಕೊಂಡೊಯ್ದೆ, ಗಾಳಿ ನೋಡಿದೆ. ಅಷ್ಟರಲ್ಲಿ ರಥ ಮುಂದಕ್ಕೆ ಹೋಗಿತ್ತು. ಹಣ್ಣು ಹೋಗಿ ಹಗ್ಗ ಹಿಡಿದಿದ್ದ ನಮ್ಮ ಮಾವನವರ ಬೆನ್ನಿಗೆ ಬಿತ್ತು. ಹೆಂಡತಿ ನನ್ನನ್ನೇ ನೋಡಿಕೊಂಡು ನಗುತ್ತ ಎಸೆದದ್ದು ನೆಟ್ಟಗೆ ಹೋಗಿ ರಥಕ್ಕೆ ತಾಗಿತು. ಓಡುವ ಗುರಿಗೆ ಅದು ಇರುವಲ್ಲಿಗಲ್ಲ, ಹೋಗುವಲ್ಲಿಗೆ ಎಸೆಯಬೇಕು ಎಂದು ಅಕ್ಕನ ಮಗ ಈಗ ನನಗೆ ಪಾಠ ಹೇಳುತ್ತಾನೆ. ಮಾವನವರು ಬದುಕಿರುವಾಗಲೇ ಹೇಳಿದ್ದರೆ ಉಪಕಾರವಾಗುತ್ತಿತ್ತು.

ಆ ರಥವನ್ನು ತಿರುಗಿಸುವುದನ್ನು ನೋಡಿದ್ದೀರಾ? ಎಳೆಯುವವರು ಸಾವಿರಾರು ಜನ, ಅವರ ಕೈಯಲ್ಲಿರುವುದು ಮುಂದಕ್ಕೆ ಹೋಗುವುದೊಂದೇ. ಎಡಕ್ಕೋ ಬಲಕ್ಕೋ ಎಂದು ತೀರ್ಮಾನ ಮಾಡುವವರು ಚಕ್ರದ ಪಕ್ಕದಲ್ಲಿ ಮರದ ತುಂಡು ಹಿಡಿದು ಬಗ್ಗಿ ನಡೆಯುವ ನಾಲ್ಕಾರು ಮಂದಿ. ಚಕ್ರದಡಿಗೆ ತುಂಡನ್ನು ಒಂದಿಷ್ಟು ಓರೆಯಾಗಿ ಕೊಡುತ್ತಾರೆ. ಅಷ್ಟು ದೊಡ್ಡ ಕಟ್ಟಡ ಗರ್ ಎಂದು ಒಂದು ಗೇಣು ಪಕ್ಕಕ್ಕೆ ಸರಿಯುತ್ತದೆ. ಒಂದೇ ಏಟಿಗೆ ಒಂದು ಮಾರು ತಿರುಗಿಸಲು ಹೋದರೆ ರಥಬೀದಿಯ ಮನೆಗಳು ಉಳಿಯುವುದಿಲ್ಲ. ಅಂದಹಾಗೆ, 1964ರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬವರ ಕಲ್ಪನೆಗೆ ಬಿಲ್ ಇಂಗ್ಲಿಷ್ ಎಂಬವರು ರೂಪ ಕೊಟ್ಟ ಜಗತ್ತಿನ ಮೊಟ್ಟಮೊದಲ ಮೌಸು ಮರದ್ದೇ. ಮರದ ಪೆಟ್ಟಿಗೆ, ಕೆಳಗೆ ಎರಡು ಚಕ್ರ, ಹಿಂದೆ ಹಗ್ಗದಂತೆ ತಂತಿ. ಅದಕ್ಕೆ ಅವರು ಇಲಿ ಎಂದು ಹೆಸರಿಟ್ಟರು. ನಂಜನಗೂಡಿನವರು ಯಾರಾದರೂ ಆ ಕೋಣೆಯಲ್ಲಿದ್ದಿದ್ದರೆ ಖಂಡಿತ ತೇರು ಎನ್ನುತ್ತಿದ್ದರು.

ಹುಡುಗನ ಮೌಸು ಇಳಿಯಿತು, ಹಾಸು ಬಂತು, ಗುರಿ ಸುಧಾರಿಸಬೇಕಲ್ಲ? ಸುಧಾರಿಸಲಿಲ್ಲ. ಯಾಕೆಂದರೆ ಅವನಿಗೆ ತಿದ್ದುವ ರುಚಿ ಹತ್ತಿತ್ತು. ಸೋಮವಾರ 0.4 ಇದ್ದದ್ದು ಮಂಗಳವಾರ 0.39. ಬುಧವಾರ ಯಾರೋ ಕೊರಿಯಾದ ಆಟಗಾರನದು ನೋಡಿ 0.35. ಗುರುವಾರ ಸೋತದ್ದಕ್ಕೆ ಶುಕ್ರವಾರ 0.42. ಶನಿವಾರ ಫೋನು ಮಾಡಿ "ಮಾವ, 0.405 ಸಿಕ್ತು, ಇದೇ ನನ್ನದು" ಎಂದ, ಕಳೆದುಹೋದ ಎಮ್ಮೆ ಸಿಕ್ಕಿದವನ ದನಿಯಲ್ಲಿ. ಭಾನುವಾರ ಪೋಲಿಂಗ್ ರೇಟು ಹಿಡಿದುಕೊಂಡ. ಅದು, ಮೌಸು ತಾನೆಲ್ಲಿದ್ದೇನೆಂದು ಕಂಪ್ಯೂಟರಿಗೆ ಎಷ್ಟು ಸಲ ವರದಿ ಒಪ್ಪಿಸುತ್ತದೆ ಎಂಬ ಲೆಕ್ಕ. ಸಾಧಾರಣ ಮೌಸು ಸೆಕೆಂಡಿಗೆ 125 ಸಲ, ಇವನದು 1,000 ಸಲ. ಇಷ್ಟು ಚುರುಕಾಗಿ ವರದಿ ಕೊಡುವವರು ನಮ್ಮ ಖಾತೆ ಬದಲಾವಣೆಯ ಕೆಲಸಕ್ಕೆ ಸಿಕ್ಕಿದ್ದರೆ ಎಂದು ನಾನು ನಿಟ್ಟುಸಿರು ಬಿಟ್ಟೆ.

0.4ಕ್ಕೂ 0.405ಕ್ಕೂ ಏನು ವ್ಯತ್ಯಾಸ ಎಂದು ನಗುವುದು ಸುಲಭ. ಆದರೆ ನಾನು ನಗುವ ಹಾಗಿಲ್ಲ. ನಲವತ್ತು ಗುಂಟೆಗೆ ಎಕರೆ, ಹದಿನಾರು ಆಣೆಗೆ ಗುಂಟೆ. ಒಂದು ಆಣೆ ಆಚೀಚೆ ಬರೆದರೆ ಅಣ್ಣತಮ್ಮಂದಿರು ಮೊಮ್ಮಕ್ಕಳ ಕಾಲದವರೆಗೆ ಕೋರ್ಟಿಗೆ ಅಲೆಯುತ್ತಾರೆ. ಅಲ್ಲದೆ ಹುಡುಗ ಕೂತಿರುವ ಊರು ಯಾವುದು? ಸಂಗಮದ ಪಕ್ಕದಲ್ಲೇ ಗುಂಜಾ ನರಸಿಂಹಸ್ವಾಮಿಯ ಗುಡಿ. ಅಲ್ಲಿ ದೇವರು ಬೆರಳ ಸಂದಿಯಲ್ಲಿ ಗುಲಗಂಜಿ ಹಿಡಿದಿದ್ದಾನೆ. ಕಾಶಿಗೆ ಹೊರಟ ಮಡಿವಾಳನೊಬ್ಬನಿಗೆ, ಅಲ್ಲಿಗೇಕೆ ಹೋಗುತ್ತೀ, ಈ ಕ್ಷೇತ್ರವೇ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಸ್ವಾಮಿಯೇ ಹೇಳಿದನೆಂದು ಸ್ಥಳಪುರಾಣ. ಅಕ್ಕಸಾಲಿಗರ ಹಳೆಯ ತೂಕದ ಕಲ್ಲು ಅದೇ ತಾನೆ, ಕೆಂಪು ಮೈಯ, ಕಪ್ಪು ಮೂತಿಯ ಬೀಜ. ಒಂದು ಗ್ರಾಮಿಗೆ ಸುಮಾರು ಎಂಟು ಬೇಕು. ಹಿಮಾಲಯದಷ್ಟು ಹೆಚ್ಚು, ಸಾಗರದಷ್ಟು ಹೆಚ್ಚು ಎಂದು ಕೊಚ್ಚಿಕೊಳ್ಳದೆ, ಗ್ರಾಮಿನ ಎಂಟನೆಯ ಒಂದು ಪಾಲು ಹೆಚ್ಚು ಎಂದು ತೂಗಿ ಹೇಳಿದ ಊರು ನನಗೆ ಗೊತ್ತಿರುವ ಮಟ್ಟಿಗೆ ಇದೊಂದೇ. ಅಂಥ ಊರಿನ ಹುಡುಗ ಮೂರನೆಯ ದಶಮಾಂಶಕ್ಕೆ ತಲೆ ಕೆಡಿಸಿಕೊಂಡರೆ ಅದು ಸ್ಥಳಮಹಿಮೆ.

ನನ್ನ ತಕರಾರು ಬೇರೆ. ಅಕ್ಕಸಾಲಿ ಚಿನ್ನವನ್ನು ದಿನಾ ತೂಗುತ್ತಾನೆ, ಗುಲಗಂಜಿಯನ್ನು ದಿನಾ ಬದಲಾಯಿಸುವುದಿಲ್ಲ.

ಈ ಮಾತನ್ನು ಹುಡುಗನಿಗೆ ಹೇಳಿದೆ. ಅವನು ತಲೆಯಾಡಿಸಿದ. ಮೌಸಿನ ಬಗ್ಗೆ ಏನೂ ಗೊತ್ತಿಲ್ಲದವರು ಮಾತಾಡಿದಾಗ ತಲೆಯಾಡಿಸುವ ರೀತಿಯಲ್ಲಿ. ಆಗ ನಾನು ಚೌಡಯ್ಯನವರನ್ನು ಕರೆದೆ. ಪಿಟೀಲು ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ಇದೇ ತಿರುಮಕೂಡಲಿನಲ್ಲಿ, ಸಂಗಮದ ಮಗ್ಗುಲಲ್ಲೇ. ವೀಣೆಗೆ ಮೆಟ್ಟುಗಳಿವೆ, ಬೆರಳಿಗೆ ದಾರಿ ತೋರಿಸುತ್ತವೆ. ಪಿಟೀಲಿಗೆ ಅದೂ ಇಲ್ಲ. ಕಣ್ಣು ಮುಚ್ಚಿಕೊಂಡು, ನುಣ್ಣಗಿನ ಕಪ್ಪು ಪಟ್ಟಿಯ ಮೇಲೆ, ಬೆರಳು ಸ್ವರದ ನೆತ್ತಿಗೇ ಬೀಳಬೇಕು. ಕೂದಲೆಳೆ ಆಚೆ ಬಿದ್ದರೆ ಅಪಸ್ವರ, ಸಭೆಯೆಲ್ಲ ಮುಖ ಕಿವುಚುತ್ತದೆ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೆ ಕೇಳುವುದಿಲ್ಲವೆಂದು ಅವರು 1927ರಲ್ಲಿ ವಾದ್ಯವನ್ನೇ ತಿದ್ದಿದರು. ನಾಲ್ಕು ತಂತಿಯ ಜಾಗದಲ್ಲಿ ಏಳು. ನಾದ ದೊಡ್ಡದಾಯಿತು, ಕಷ್ಟವೂ ದೊಡ್ಡದಾಯಿತು, ಒಂದೇ ಬೆರಳು ಈಗ ಜೋಡಿ ತಂತಿಯನ್ನು ಒತ್ತಿ ಎರಡನ್ನೂ ಶ್ರುತಿಯಲ್ಲಿ ನಿಲ್ಲಿಸಬೇಕು. "ಅಷ್ಟು ದೊಡ್ಡ ಸೆಟ್ಟಿಂಗು ಬದಲಾಯಿಸಿದವರು ನಿಮ್ಮೂರಿನವರೇ ಕಣೋ. ಬದಲಾಯಿಸಿ ಏನು ಮಾಡಿದರು? ಮಾರನೆಯ ದಿನ ಆರು ತಂತಿಗೆ ಇಳಿಸಿದರಾ? ಅದನ್ನೇ ಹಿಡಿದು ಸಾಧನೆ ಮಾಡಿದರು" ಎಂದೆ.

"ಚೌಡಯ್ಯ ಮೆಮೋರಿಯಲ್ ಹಾಲಿನವರಾ?" ಎಂದು ಕೇಳಿದ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಆ ಸಭಾಂಗಣಕ್ಕೆ ಅವರ ಹೆಸರಿಟ್ಟಿರುವುದರಿಂದ ಇಷ್ಟಾದರೂ ಉಪಯೋಗವಾಯಿತಲ್ಲ ಎಂದು ಸಮಾಧಾನವಾಯಿತು.

ಬುದ್ಧಿ ಹೇಳಿದವನಿಗೆ ಅದರ ಫಲ ಬೇಗ ಸಿಕ್ಕಬೇಕು ಎಂದು ಎಲ್ಲೋ ನಿಯಮವಿರಬೇಕು. ಮುಂದಿನ ವಾರ ಹುಡುಗ ನಂಜನಗೂಡಿಗೆ ಬಂದವನು ನನ್ನ ಅಂಗಡಿಗೂ ಬಂದ. ನಾನು ಕಾಫಿಗೆ ಹೋಗಿ ಬರುವಷ್ಟರಲ್ಲಿ ನನ್ನ ಮೌಸನ್ನು 'ರಿಪೇರಿ' ಮಾಡಿದ್ದ. ವಿಂಡೋಸಿನಲ್ಲಿ 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್' ಎಂದೊಂದು ಚೌಕವಿದೆ. ಹೆಸರು ನೋಡಿದರೆ ಗುರಿಯನ್ನು ಹರಿತ ಮಾಡುವಂಥದ್ದು. ಅದು ಮಾಡುವ ಕೆಲಸವೆಂದರೆ, ನಿಮ್ಮ ಕೈ ಎಷ್ಟು ದೂರ ಹೋಯಿತು ಎನ್ನುವುದಲ್ಲದೆ ಎಷ್ಟು ಅವಸರದಲ್ಲಿ ಹೋಯಿತು ಎಂದೂ ನೋಡುವುದು. ಮೆಲ್ಲಗೆ ಹೋದರೆ ಬಾಣವನ್ನು ಕಮ್ಮಿ ಓಡಿಸುತ್ತದೆ, ರಭಸದಲ್ಲಿ ಹೋದರೆ ಅದೇ ದೂರಕ್ಕೆ ಇನ್ನಷ್ಟು ಹೆಚ್ಚು ಓಡಿಸುತ್ತದೆ. ಸವಾರಿಯ ಅವಸರ ಕಂಡು ಬಾಡಿಗೆ ಏರಿಸುವ ಆಟೋದವನ ಹಾಗೆ. ಆಟಗಾರರಿಗೆ ಇದು ಶತ್ರು. ಎರಡಂಗುಲ ಎಂದರೆ ಯಾವಾಗಲೂ ಅಷ್ಟೇ ದೂರ ಹೋಗಬೇಕು, ಇಲ್ಲದಿದ್ದರೆ ಕೈ ಏನನ್ನು ನೆನಪಿಟ್ಟುಕೊಳ್ಳಬೇಕು? ಹಾಗಾಗಿ ಮೊದಲು ತೆಗೆಯುವುದು ಅದರ ಟಿಕ್ಕು. ನನ್ನದರಲ್ಲೂ ತೆಗೆದು, ವೇಗದ ಗೂಟವನ್ನು ನಟ್ಟನಡುವೆ ನಿಲ್ಲಿಸಿ, "ಈಗ ನೋಡಿ ಮಾವ, ಪ್ಯೂರ್" ಎಂದ.

ಪ್ಯೂರ್ ಆದ ಮೇಲೆ ನನ್ನ ಪಾಡು ನಾಯಿಪಾಡು. ಇಪ್ಪತ್ತು ವರ್ಷದಿಂದ ನನ್ನ ಕೈ ಆ ಆಟೋದವನಿಗೇ ಒಗ್ಗಿಹೋಗಿತ್ತು. 'ಉಳಿಸು' ಎಂಬಲ್ಲಿಗೆ ಹೋಗಬೇಕಾದ ಬಾಣ ಅರ್ಧ ದಾರಿಯಲ್ಲೇ ನಿಂತು ಬೀಡಿ ಸೇದುತ್ತಿತ್ತು. ಮೂಲೆಯ ಗುಣಾಕಾರದ ಗುರುತಿಗೆ ಮುಟ್ಟಲು ಮೌಸು ಮೇಜಿನ ಅಂಚಿಗೆ ಹೋಗಿ, ಅಲ್ಲಿಂದ ಎತ್ತಿ ಮತ್ತೆ ಈಚೆಗಿಟ್ಟು ಎಳೆಯಬೇಕಾಯಿತು. ಒಂದು ಕ್ರಯಪತ್ರದಲ್ಲಿ ಪೂರ್ವದ ಚೆಕ್ಕುಬಂದಿಯನ್ನು ಎಳೆದು ಗುರುತು ಮಾಡಲು ಹೋಗಿ ಪಶ್ಚಿಮವನ್ನೂ ಸೇರಿಸಿ ಅಳಿಸಿದೆ. ಕೊಳ್ಳುವವರು ಪಕ್ಕದಲ್ಲೇ ಕೂತಿದ್ದರು. "ಏನ್ ಸ್ವಾಮಿ, ನಮ್ ಓಣೀನೇ ತೆಗೆದ್ಬುಟ್ರಲ್ಲ" ಎಂದರು. ನಾನು ಅಪರಾಧವನ್ನು ಮೌಸಿನ ಮೇಲೆ ಹಾಕಿದೆ. ಅಕ್ಕನ ಮಗ ಹೇಳುತ್ತಿದ್ದುದೂ ಇದನ್ನೇ ಅಲ್ಲವೇ ಎಂದು ಹೊಳೆದದ್ದು ಅವರು ಹೋದ ಮೇಲೆ. ಗುಲಗಂಜಿಗೆ ತನ್ನ ಮೂತಿಯ ಕಪ್ಪು ಕಾಣುವುದಿಲ್ಲವಂತೆ.

ಟಿಕ್ಕನ್ನು ಮತ್ತೆ ಹಾಕಿಬಿಡಬಹುದಿತ್ತು. ಎರಡು ನಿಮಿಷದ ಕೆಲಸ. ಆದರೆ ಚೌಡಯ್ಯನವರ ಹೆಸರು ಹೇಳಿಬಿಟ್ಟಿದ್ದೆನಲ್ಲ. ಹಲ್ಲು ಕಚ್ಚಿ ಹಾಗೇ ಇಟ್ಟುಕೊಂಡೆ. ಹತ್ತು ದಿನ ಕಳೆಯುವಷ್ಟರಲ್ಲಿ ಕೈ ಬಂತು. ಹೇಗೆ ಬಂತೆಂದು ಗೊತ್ತಾಗದ ಹಾಗೆ ಬಂತು. ಆಮೇಲೆ ತಿಳಿದ ಸಂಗತಿ ಇನ್ನೂ ಚೆನ್ನಾಗಿದೆ: ಹುಡುಗ ಆಡುವ ಆಟ ವಿಂಡೋಸಿನ ಆ ಚೌಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಂತೆ, ಮೌಸಿನಿಂದ ನೇರವಾಗಿ ಸುದ್ದಿ ತರಿಸಿಕೊಳ್ಳುತ್ತದೆ. ಹಾಗಾದರೆ ಆ ಟಿಕ್ಕು ತೆಗೆದದ್ದರಿಂದ ಇಡೀ ಮೈಸೂರು ಜಿಲ್ಲೆಯಲ್ಲಿ ತೊಂದರೆಯಾದದ್ದು ಪತ್ರ ಬರಹಗಾರನೊಬ್ಬನಿಗೆ ಮಾತ್ರ.

ಹುಡುಗನನ್ನು ದಾರಿಗೆ ತಂದದ್ದು ನಾನೂ ಅಲ್ಲ, ಚೌಡಯ್ಯನವರೂ ಅಲ್ಲ. ನಮ್ಮ ಭಾವ. ಅವರು ತಿ. ನರಸೀಪುರದ ರೇಷ್ಮೆ ಕಾರ್ಖಾನೆಯಲ್ಲಿ ನೂಲು ಬಿಚ್ಚಾಣಿಕೆಯ ಕೆಲಸ ಮಾಡಿ ನಿವೃತ್ತರಾದವರು. ಮೈಸೂರು ಸಿಲ್ಕಿನ ಸೀರೆಗೆ ನೂಲು ಹೊರಡುವುದೇ ಅಲ್ಲಿಂದ. ಬೆಂದ ಗೂಡುಗಳು ಬಿಸಿನೀರಿನಲ್ಲಿ ತೇಲುತ್ತಿರುತ್ತವೆ. ಒಂದೊಂದರಿಂದಲೂ ಕಣ್ಣಿಗೆ ಕಂಡೂ ಕಾಣದ ಒಂದು ಎಳೆ. ಹಲವು ಎಳೆ ಕೂಡಿ ಒಂದು ನೂಲು. ನೂಲು ಓಡುತ್ತಲೇ ಇರುತ್ತದೆ. ನಡುವೆ ಒಂದು ಗೂಡಿನ ಎಳೆ ಮುಗಿದರೋ ಕಡಿದರೋ, ಇನ್ನೊಂದು ಗೂಡಿನ ತುದಿ ಹುಡುಕಿ, ಓಡುವ ನೂಲಿಗೆ ಸರಕ್ಕನೆ ಕೂಡಿಸಬೇಕು. ಮೂವತ್ತು ವರ್ಷ ಇದನ್ನು ಮಾಡಿದ ಮನುಷ್ಯ ಮಾತು ಕಮ್ಮಿ. ಒಂದು ಸಂಜೆ ಮಗನ ಹಿಂದೆ ಕುರ್ಚಿ ಹಾಕಿಕೊಂಡು ಅರ್ಧ ಗಂಟೆ ಕೂತು ನೋಡಿದರಂತೆ. ಆಟ ನೋಡಲಿಲ್ಲ, ಕೈ ನೋಡಿದರು. ಆಮೇಲೆ ಮಗನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, "ಯಾಕಪ್ಪ ಇಷ್ಟು ಬಿಗಿ? ಹೀಗೆ ಹಿಡಿದರೆ ಎಳೆ ಕಡಿಯುತ್ತೆ" ಎಂದರಂತೆ. ಅಷ್ಟೆ. ಮಾರನೆಯ ದಿನ ಒಂದು ಚೀಟಿ ಬರೆದು ಪರದೆಯ ಕೆಳಗೆ ಅಂಟಿಸಿದರು. ಯುಗಾದಿಗೆ ನಾನು ಹೋದಾಗಲೂ ಅದು ಅಲ್ಲೇ ಇತ್ತು. ಯಂತ್ರದ ಮೇಲೆ ಬರೆಯುವ ದುಂಡಕ್ಷರದಲ್ಲಿ:

'800. 0.4. ಮುಟ್ಟಬಾರದು.'

ಹುಡುಗ ಮುಟ್ಟಿರಲಿಲ್ಲ. ಆ ಆಟದಲ್ಲೇ ಅಭ್ಯಾಸಕ್ಕೊಂದು ಅಂಗಳವಿದೆ. ಮೂವತ್ತು ಬೊಂಬೆಗಳು ಒಂದಾದ ಮೇಲೊಂದು ಎಲ್ಲೆಂದರಲ್ಲಿ ಎದ್ದು ಮಾಯವಾಗುತ್ತವೆ. ಕುಂಭಮೇಳದ ಹೊತ್ತಿಗೆ ಒಂಬತ್ತು ಹತ್ತಕ್ಕೆ ಏದುತ್ತಿದ್ದವನು ಈಗ ಹದಿನೆಂಟು ಹೊಡೆಯುತ್ತಿದ್ದ. ಹೊಡೆದು, ನನ್ನತ್ತ ತಿರುಗಿ, "ನೀವೂ ಒಂದು ಕೈ ನೋಡಿ ಮಾವ" ಎಂದು ಕುರ್ಚಿ ಬಿಟ್ಟುಕೊಟ್ಟ.

ಕೂತೆ. ಭಾವ ಬಾಗಿಲಲ್ಲಿ ಬಂದು ನಿಂತರು. ಮೊದಲ ಬೊಂಬೆ ಎದ್ದಿತು. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಹೋಯಿತು. ಎರಡನೆಯದಕ್ಕೆ ಗುರಿ ದಾಟಿತು. ಮೂರನೆಯದಕ್ಕೆ ಈಚೆಗೇ ನಿಂತಿತು. "ಅವಸರ ಬೇಡ ಮಾವ. ಕೈ ಸಡಿಲ ಬಿಡಿ. ಹಾಂ, ಇನ್ನು ಒಂದು ಗುಲಗಂಜಿಯಷ್ಟು ಎಡಕ್ಕೆ" ಎಂದ ಹುಡುಗ. ನಾನು ಒಂದು ಗುಲಗಂಜಿಯಷ್ಟು ಎಡಕ್ಕೆ ಸರಿಸಿದೆ. ಅಷ್ಟರಲ್ಲಿ ಆ ಬೊಂಬೆಯೂ ಮಾಯ. ಹೋಗಲಿ ಎಂದು ಕೈ ತೆಗೆಯಬೇಕು, ಕೂಡುಗೆರೆ ನಿಂತಿದ್ದ ಜಾಗದಲ್ಲೇ ಇನ್ನೊಂದು ಬೊಂಬೆ ಥಟ್ಟನೆ ಎದ್ದು ನನ್ನ ಮುಖಕ್ಕೆ ಮುಖ ಕೊಟ್ಟು ನಿಂತಿತು. ಬೆಚ್ಚಿಬಿದ್ದು ಬೆರಳು ಒತ್ತಿದೆ.

"ಒಂದು!" ಎಂದು ಹುಡುಗ ಕೂಗಿದ.

"ಇನ್ನೂ ಎಷ್ಟಿದೆಯಂತೆ?" ಎಂದು ಅಡುಗೆಮನೆಯಿಂದ ಅಕ್ಕ ಕೇಳಿದಳು. "ಒಬ್ಬಟ್ಟು ಆರಿಹೋಗುತ್ತೆ, ಎಲ್ಲ ಬನ್ನಿ."

"ಇಪ್ಪತ್ತಾರು" ಎಂದರು ಭಾವ, ಮತ್ತು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತು, ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟರು.